ನೀರುಗಂಟಿ ಹುಚ್ಚರಂಗಯ್ಯನ ನೀರುನಾಯಿಗಳು

ಹುಚ್ಚರಂಗಯ್ಯನಿಗೆ ಹೆಸರು ಬಂದದ್ದು ತಾತನಿಂದ, ಹುಚ್ಚು ಬಂದದ್ದು ಕೆರೆಯಿಂದ ಎಂದು ಅವನ ಹೆಂಡತಿ ಗಂಗಕ್ಕ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು. ಈಗ ಹೇಳುವುದಿಲ್ಲ. ಹೋದ ಫಾಲ್ಗುಣ ಮಾಸದಿಂದೀಚೆಗೆ ಆ ಮನೆಯಲ್ಲಿ ಕೆರೆಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಮಾಯಸಂದ್ರದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಕಲ್ಲುಕಟ್ಟೆ ಅವರ ಊರು. ಊರಿಗಿಂತ ಕೆರೆಯೇ ದೊಡ್ಡದು. ಆ ಕೆರೆಯ ತೂಬು ಎತ್ತುವುದು, ಇಳಿಸುವುದು, ಗದ್ದೆಯಿಂದ ಗದ್ದೆಗೆ ಸರದಿಯ ಮೇಲೆ ನೀರು ಬಿಡುವುದು ಹುಚ್ಚರಂಗಯ್ಯನ ಮನೆತನದ ಕೆಲಸ. ನೀರುಗಂಟಿ ಎಂದರೆ ಅದೇ. ಅವನಪ್ಪನ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಕಣದಿಂದ ಕಣಕ್ಕೆ ಹೋದರೆ ಒಬ್ಬೊಬ್ಬರೂ ಮೊರ ತುಂಬ ಭತ್ತವೋ ರಾಗಿಯೋ ಸುರಿಯುತ್ತಿದ್ದರು. ಈಗ ಕೆರೆ ಹಿಂದೆ ಗದ್ದೆ ಎಲ್ಲಿ ಉಳಿದಿದೆ? ಎಲ್ಲ ತೆಂಗಿನ ತೋಟ. ತೋಟಕ್ಕೊಂದು ಬೋರ್‌ವೆಲ್, ಮರದ ಬುಡಕ್ಕೊಂದು ಪೈಪು. ತೂಬು ಎತ್ತಪ್ಪ ಎಂದು ಕೇಳುವವರೇ ಇಲ್ಲ. ಆದರೂ ಹುಚ್ಚರಂಗಯ್ಯ ದಿನಾ ಬೆಳಿಗ್ಗೆ ಕೈಯಲ್ಲೊಂದು ಕೋಲು ಹಿಡಿದು ಏರಿಯ ಮೇಲೆ ಹೋಗುತ್ತಿದ್ದ. ಎಲ್ಲಾದರೂ ಏಡಿ ತೂತು ಬಿದ್ದಿದೆಯೇ, ತೂಬಿನ ಕಲ್ಲು ಅಲುಗಿದೆಯೇ, ಕೋಡಿಯಲ್ಲಿ ಕಸ ಸಿಕ್ಕಿದೆಯೇ ಎಂದು ನೋಡಿಕೊಂಡು, ಆಮೇಲೆ ಮಲ್ಲಿಕಾರ್ಜುನಯ್ಯನವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ. ಬಿದ್ದ ಕಾಯಿ ಆರಿಸುವುದು, ಗರಿ ಎಳೆದು ಒಟ್ಟುವುದು, ಕಾಯಿ ಸುಲಿದ ಮೇಲೆ ಉಳಿದ ಮಟ್ಟೆಯನ್ನು ಹೊತ್ತು ಕೆರೆಯಂಚಿಗೆ ರಾಶಿ ಹಾಕುವುದು. ಆ ರಾಶಿ ನಾಲ್ಕು ವರ್ಷದ ಮಟ್ಟೆಯದು, ಆಳೆತ್ತರ ಬೆಳೆದಿತ್ತು. ಅದರ ಒಂದೊಂದು ಮಟ್ಟೆಯೂ ಅವನ ಕೈಯಲ್ಲಿ ಹಾದುಹೋದದ್ದು.

ನೀರುನಾಯಿಗಳು ಬಂದದ್ದು ಐದು ವರ್ಷದ ಕೆಳಗೆ, ಹೇಮಾವತಿ ನಾಲೆಯ ನೀರು ಬಿಟ್ಟು ಕೆರೆ ತುಂಬಿ ಕೋಡಿ ಹರಿದ ವರ್ಷ. ಶಿಂಷಾ ಹೊಳೆಯಿಂದ ಕೋಡಿಹಳ್ಳ ಹಿಡಿದು ಮೇಲಕ್ಕೆ ಬಂದಿರಬೇಕು. ಒಂದು ಬೆಳಿಗ್ಗೆ ಹುಚ್ಚರಂಗಯ್ಯ ಏರಿಯ ಮೇಲಿಂದ ನೋಡಿದರೆ ಕೆರೆ ನಡುವೆ ನಾಲ್ಕೈದು ಕರಿ ತಲೆಗಳು ಏಳುತ್ತ ಮುಳುಗುತ್ತ ಇದ್ದವು. ಯಾರದೋ ನಾಯಿಗಳು ನೀರಿಗೆ ಬಿದ್ದು ಸಾಯುತ್ತಿವೆ ಎಂದುಕೊಂಡು ಪುಣ್ಯಾತ್ಮ ಪಂಚೆ ಎತ್ತಿ ಕಟ್ಟಿ ಎದೆಮಟ್ಟ ನೀರಿಗೆ ಇಳಿದೇಬಿಟ್ಟ. ಅವು ಹತ್ತು ಮಾರು ದೂರದಲ್ಲಿ ಕತ್ತೆತ್ತಿ ಇವನನ್ನು ನೋಡಿದವು, ಹುಫ್ ಎಂದು ಮೂಗಿನಲ್ಲಿ ಗಾಳಿ ಬಿಟ್ಟವು, ಒಟ್ಟಿಗೆ ಮುಳುಗಿ ಆಚೆ ದಡದಲ್ಲಿ ಎದ್ದವು. ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದವನನ್ನು ನೋಡಿ ಗಂಗಕ್ಕ ನಕ್ಕದ್ದು ನಕ್ಕದ್ದೇ.

ಅಂದಿನಿಂದ ಹುಚ್ಚು ಹಿಡಿಯಿತು ನೋಡಿ. ಓದು ಬರಹ ಬಾರದ ಮನುಷ್ಯ ಐದು ವರ್ಷ ಆ ಪ್ರಾಣಿಗಳ ಬದುಕನ್ನು ಪಾಠದಂತೆ ಕಲಿತ. ಅವು ಒಂದೊಂದಾಗಿ ಬೇಟೆಯಾಡುವುದಿಲ್ಲ, ಸಾಲು ಕಟ್ಟಿ ಬಿಲ್ಲಿನ ಹಾಗೆ ಬಾಗಿ ಮೀನನ್ನು ಆಳದಿಂದ ತೆಳುನೀರಿಗೆ ಅಟ್ಟಿಕೊಂಡು ಬರುತ್ತವೆ. ಹಿಡಿದ ಮೀನನ್ನು ಮುಂಗಾಲಿನಲ್ಲಿ ಒತ್ತಿಕೊಂಡು ತಲೆಯ ಕಡೆಯಿಂದ ಕಚ್ಚುತ್ತವೆ. ಹೊಟ್ಟೆ ತುಂಬಿದ ಮೇಲೆ ಮರಳಿನಲ್ಲಿ ಹೊರಳಿ ಮೈ ಒಣಗಿಸಿಕೊಳ್ಳುತ್ತವೆ. ಒಂದಕ್ಕೊಂದು ಸಿಳ್ಳೆ ಹಾಕಿ ಮಾತಾಡುತ್ತವೆ. ಹೇಲುವುದಕ್ಕೂ ಅವಕ್ಕೊಂದು ಕಟ್ಟಳೆ, ಇಡೀ ಸಂಸಾರ ಕೋಡಿಯ ಪಕ್ಕದ ಒಂದೇ ಹಾಸುಬಂಡೆಗೆ ಬಂದು ಹೋಗುತ್ತದೆ. ಹುಚ್ಚರಂಗಯ್ಯ ಬೆಳಿಗ್ಗೆ ಆ ಬಂಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಡ್ಡಿಯಿಂದ ಕೆದಕಿ ನೋಡುತ್ತಿದ್ದ. ಹಸಿಯಾಗಿದ್ದರೆ ಈಗಷ್ಟೇ ಹೋಗಿವೆ, ಒಣಗಿದ್ದರೆ ನಿನ್ನೆಯದು. ಮೀನಿನ ಹುರುಪೆಯೇ, ಏಡಿಯ ಚಿಪ್ಪೇ ಎಂದು ಬೇರೆ ಮಾಡಿ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದ.

"ಕಟ್ಕೊಂಡೋಳು ಉಂಡ್ಲೋ ಬುಟ್ಲೋ ಗೊತ್ತಿಲ್ಲ, ನೀರ್ನಾಯಿ ಏನ್ ತಿಂತು ಅಂತ ಮಾತ್ರ ಗೊತ್ತು," ಎನ್ನುತ್ತಿದ್ದಳು ಗಂಗಕ್ಕ.

"ನನ್ ಗುರ್ತು ಹಿಡಿದವೆ ಕಣಮ್ಮಿ ಅವು. ನಾ ಹೋದ್ರೆ ಕತ್ತೆತ್ತಿ ನೋಡ್ತವೆ. ಬ್ಯಾರೆಯೋರು ಬಂದ್ರೆ ಮುಳುಗ್ತವೆ."

ಈ ಮಾತನ್ನು ಅವನು ನಂಬಿದ್ದ. ಯಾರಿಗೂ ಬೇಡವಾದ ತೂಬು ಕಾಯುವ ಮನುಷ್ಯನಿಗೆ, ಕೆರೆಯಲ್ಲಿ ತನ್ನ ಗುರುತು ಹಿಡಿಯುವ ಜೀವಗಳಿವೆ ಎನ್ನುವುದು ಸಣ್ಣ ಸಂಗತಿಯೇ? ಅವನನ್ನು ಕಂಡು ನಗಬಹುದು, ಆದರೆ ಬೈಯಲು ಮನಸ್ಸು ಬರುವುದಿಲ್ಲ.

ಕೆರೆಯ ಮೀನಿನ ಗುತ್ತಿಗೆ ಹಿಡಿದವನು ತಿಪಟೂರಿನ ಬಸವಕುಮಾರ್. ಮೂವತ್ತೈದರ ಆಸುಪಾಸಿನವನು, ಬಾಯಿ ಜೋರು, ಕೈ ಧಾರಾಳ. ಬಲೆ ಎಳೆದ ದಿನ ಏರಿಯ ಮೇಲೆ ನಿಂತವರಿಗೆಲ್ಲ ಒಂದೊಂದು ಮೀನು ಕೊಡುತ್ತಿದ್ದ, ಅದಕ್ಕೇ ಊರು ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಅವನು ಬಿಟ್ಟ ಕಾಟ್ಲಾ ಮರಿಗಳು ಮೊಳದುದ್ದ ಬೆಳೆಯುವ ಹೊತ್ತಿಗೆ ನೀರುನಾಯಿಗಳು ಬಲೆಗೆ ಬಾಯಿ ಹಾಕಿದವು. ಸಿಕ್ಕಿಬಿದ್ದ ಮೀನು ಸುಲಭದ ಊಟ, ಯಾರು ಬಿಡುತ್ತಾರೆ? ಬೆಳಿಗ್ಗೆ ಎಳೆದರೆ ಬಲೆಯಲ್ಲಿ ಆಳು ನುಗ್ಗುವಷ್ಟು ತೂತು, ತಲೆಯಿಲ್ಲದ ನಾಲ್ಕು ಮೀನು.

"ಅವು ಜಾಸ್ತಿ ತಿನ್ನೋದು ತಾನಾಗೇ ಬೆಳೆಯೋ ಜಿಲೇಬಿ ಮೀನು, ಏಡಿ ಕಣಣ್ಣ. ನಾ ದಿನಾ ನೋಡ್ತೀನಲ್ಲ," ಎಂದು ಹುಚ್ಚರಂಗಯ್ಯ ಸಾಕ್ಷಿ ಹೇಳಿದ.

"ತಿಂದಿದ್ದಕ್ಕಲ್ಲ ರಂಗಣ್ಣ, ಬಲೆ ಹರ್ದಿದ್ದಕ್ಕೆ ನಂಗೆ ಉರಿಯೋದು," ಎಂದ ಬಸವಕುಮಾರ್. "ಗೂಡು ಎಲ್ಲೈತೆ ಅಂತ ಗೊತ್ತಾಗ್ಲಿ, ಮರಿ ಸಮೇತ ಹೊಗೆ ಹಾಕುಸ್ತೀನಿ. ಮರಿ ಹೋದ್ರೆ ದೊಡ್ಡವೂ ಕೆರೆ ಬುಟ್ಟು ಹೋಯ್ತವೆ."

ಗೂಡು ಎಲ್ಲಿದೆ ಎಂದು ಆ ಊರಿನಲ್ಲಿ ಒಬ್ಬನಿಗೇ ಗೊತ್ತಿತ್ತು. ಪುಷ್ಯ ಮಾಸ ಮುಗಿಯುವ ಹೊತ್ತಿಗೆ ಗಂಡು ನೀರುನಾಯಿ ಬಾಯಲ್ಲಿ ಮೀನು ಕಚ್ಚಿಕೊಂಡು ಕೋಡಿ ಪಕ್ಕದ ಹೊಂಗೆಮರದ ಬೇರಿನೊಳಗೆ ನುಗ್ಗುವುದನ್ನು ಹುಚ್ಚರಂಗಯ್ಯ ಕಂಡಿದ್ದ. ಮೀನನ್ನು ತಿನ್ನದೆ ಒಯ್ಯುತ್ತಿದೆ ಎಂದರೆ ಒಳಗೆ ಬಾಣಂತಿ ಇದ್ದಾಳೆ ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿತ್ತು. ತಿಂಗಳು ಕಳೆದ ಮೇಲೆ ಒಂದು ಸಂಜೆ ಬೇರಿನ ಸಂದಿಯಿಂದ ನಾಲ್ಕು ಮರಿಗಳು ಇಣುಕಿದವು. ನೀರುನಾಯಿಯ ಮರಿಗೆ ನೀರೆಂದರೆ ಭಯ ಎನ್ನುವುದು ಅವನಿಗೆ ಆವತ್ತೇ ತಿಳಿದದ್ದು. ತಾಯಿ ಒಂದರ ಕತ್ತಿನ ಚರ್ಮ ಕಚ್ಚಿ ನೀರಿಗೆಳೆದರೆ ಅದು ಕಿರುಚಿಕೊಂಡು ಅವಳ ಬೆನ್ನು ಹತ್ತುತ್ತಿತ್ತು. ಹೋದ ವರ್ಷದ ದೊಡ್ಡ ಮರಿಗಳು ಉಳಿದ ಮೂರನ್ನು ದಡದಲ್ಲಿ ಕಾಯುತ್ತಿದ್ದವು. ನಮ್ಮ ಮನೆಗಳಲ್ಲಿ ಅಕ್ಕ ತಂಗಿಯರು ಕೂಸು ಆಡಿಸುವ ಹಾಗೇ.

ಅದನ್ನು ಗಂಗಕ್ಕನಿಗೆ ಹೇಳುವಾಗ ಅವನ ಕಣ್ಣಲ್ಲಿ ನೀರು. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು, "ಎಷ್ಟು ದೂರದಲ್ಲಿ ಕೂತಿದ್ದೆ?"

"ಹತ್ರಾನೇ."

"ದಿನಾ ಹೋಯ್ತೀಯಾ?"

"ಹೂಂ."

"ಬಾಣಂತಿ ಕೋಣೆ ಬಾಗ್ಲಲ್ಲಿ ದಿನಾ ಹೋಗಿ ಕೂತ್ಕೊಂಡ್ರೆ ಎಂಗಯ್ಯ? ನಮ್ ಮನೇಲಿ ಗಂಡಸ್ರನ್ನ ಬುಡ್ತಿದ್ವಾ? ಅದೂ ಬೀಡಿ ಸೇದ್ಕೊಂಡು!"

"ನಾನು ಅವಕ್ಕೆ ಹೊರಗ್ನೋನಲ್ಲ ಬುಡು," ಎಂದ ಹುಚ್ಚರಂಗಯ್ಯ.

ಈ ಮಾತು ಆದ ಹದಿನೈದು ದಿನಕ್ಕೆ ಬಸವಕುಮಾರ್ ಇಬ್ಬರು ಆಳುಗಳನ್ನು ಕರೆದುಕೊಂಡು, ಗೂಡು ಹುಡುಕಲೆಂದು ಕೆರೆಯಂಚಿನ ಜೊಂಡು ಸವರಿಸಲು ಬಂದ. ಹಿಂದಿನ ದಿನ ಅವನ ಹೊಸ ಬಲೆ ಹರಿದಿತ್ತು. ಕೋಡಿ ಕಡೆಯಿಂದಲೇ ಶುರು ಮಾಡಿ ಎಂದು ಆಳುಗಳಿಗೆ ಹೇಳುತ್ತಿದ್ದುದು ಏರಿಯ ಮೇಲಿದ್ದ ಹುಚ್ಚರಂಗಯ್ಯನ ಕಿವಿಗೆ ಬಿತ್ತು. ಕೋಡಿಯಿಂದ ಹೊಂಗೆಮರಕ್ಕೆ ಇಪ್ಪತ್ತು ಹೆಜ್ಜೆ. ಅರಣ್ಯ ಇಲಾಖೆಯವರಿಗೆ ಹೇಳಬಹುದಿತ್ತು, ನೀರುನಾಯಿ ಕೊಂದರೆ ಜೈಲು ಎಂದು ಅವನು ಕೇಳಿಯೂ ಇದ್ದ. ಆದರೆ ಹೇಳಿ ಊರಿನಲ್ಲಿ ಬಾಳುವುದು ಹೇಗೆ, ಅವರು ಬರುವಷ್ಟರಲ್ಲಿ ಇಲ್ಲಿ ಏನು ಉಳಿದಿರುತ್ತದೆ? ಐವತ್ತೆಂಟು ವರ್ಷದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಆವತ್ತು ಚೆನ್ನಾಗಿಯೇ ಹೊರಳಿತು.

"ಕುಮಾರಣ್ಣಾ, ಅಲ್ಯಾಕೆ ಸುಮ್ನೆ ಜೊಂಡು ಸವರುಸ್ತೀಯ? ಅವು ಅಲ್ಲಿಲ್ಲ. ಆ ಕಡೆ, ಮಲ್ಲಿಕಾರ್ಜುನಯ್ಯನೋರ ಮಟ್ಟೆ ರಾಶಿ ಐತಲ್ಲ, ಅದ್ರೊಳಗವೆ."

"ನೋಡಿದ್ಯಾ?"

"ನನ್ ಕಣ್ಣಾರೆ ಕಂಡಿವ್ನಿ. ಬಾಯಲ್ಲಿ ಮೀನು ಕಚ್ಕಂಡು ಒಳೀಕೆ ಹೋಯ್ತಿತ್ತು."

ಆ ರಾಶಿಯನ್ನೇ ಯಾಕೆ ಹೇಳಿದ ಎಂದರೆ, ಅದು ಹೊಂಗೆಮರದಿಂದ ಕೆರೆಯ ಪೂರ್ತಿ ಆಚೆ ತುದಿಗಿತ್ತು. ಅಲ್ಲದೆ ಅದನ್ನು ಸುಡಬೇಕೆಂದು ಮಲ್ಲಿಕಾರ್ಜುನಯ್ಯನವರು ಸಂಕ್ರಾಂತಿಯಿಂದಲೂ ಹೇಳುತ್ತಲೇ ಇದ್ದರು. ಮಟ್ಟೆ ಸುಟ್ಟ ಬೂದಿ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ. ಯಾರಿಗೂ ನಷ್ಟವಿಲ್ಲ, ರಾಶಿ ಸುಟ್ಟರೆ ಬಸವಕುಮಾರನ ಸಿಟ್ಟೂ ಸುಟ್ಟುಹೋಗುತ್ತದೆ, ಮರಿಗಳು ಈಜು ಕಲಿಯುವಷ್ಟು ದಿನ ಸಿಗುತ್ತದೆ. ಎಲ್ಲ ಸರಿಯಾಗಿ ಕೂಡಿಬಂದಿತ್ತು.

"ಅಂಗಾದ್ರೆ ನಾಳೆ ಬೆಳಿಗ್ಗೇನೇ ಬೆಂಕಿ ಹಾಕಣ್ಣ. ನೀನೇ ಹಾಕ್ಬುಡು, ನಿಂಗೆ ಅದ್ರ ಹದ ಗೊತ್ತು," ಎಂದ ಬಸವಕುಮಾರ್.

ಹುಚ್ಚರಂಗಯ್ಯ ಒಪ್ಪಿಕೊಂಡು ಮನೆಗೆ ಬಂದ. ಅಷ್ಟು ಖುಷಿಯಿಂದ ಅವನು ಮುದ್ದೆ ಉಂಡದ್ದನ್ನು ಗಂಗಕ್ಕ ಎಷ್ಟೋ ದಿನದಿಂದ ನೋಡಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾಸುಬಂಡೆಯ ಮೇಲೆ ಮೂರು ದಿನದಿಂದ ಹಸಿ ಲದ್ದಿ ಇರಲಿಲ್ಲ. ಅದನ್ನು ಅವನು ನೋಡಿದ್ದ. ಹೊಂಗೆಮರದ ಬೇರಿನೊಳಗಿಂದ ಮರಿಗಳ ಕಿಚಕಿಚ ಸದ್ದೂ ಮೂರು ದಿನದಿಂದ ಕೇಳಿರಲಿಲ್ಲ. ಅದನ್ನೂ ಗಮನಿಸಿದ್ದ. ಮರಿಗಳು ದೊಡ್ಡವಾದವು, ಸದ್ದು ಮಾಡಬಾರದೆಂದು ತಾಯಿ ಬುದ್ಧಿ ಕಲಿಸಿದ್ದಾಳೆ ಎಂದುಕೊಂಡು ಹೆಮ್ಮೆಪಟ್ಟ. ಬೇರೆ ಯಾರ ಕೆರೆಯಲ್ಲಾದರೂ ಯಾರಾದರೂ ಇವೆರಡು ಸಂಗತಿ ಹೇಳಿದ್ದರೆ, ಗೂಡು ಬದಲಾಯಿಸಿವೆ ಕಣಪ್ಪ ಎಂದು ಅವನೇ ಥಟ್ಟನೆ ಹೇಳಿಬಿಡುತ್ತಿದ್ದ. ಪ್ರೀತಿ ಜಾಸ್ತಿಯಾದಾಗ ಬುದ್ಧಿ ಎಲ್ಲಿ ಹೋಗುತ್ತದೋ ಏನೋ.

ಬೆಳಿಗ್ಗೆ ಎಂಟರ ಹೊತ್ತಿಗೆ ಒಣಗರಿಯ ಕಟ್ಟು, ಬೆಂಕಿಪೊಟ್ಟಣ ಹಿಡಿದು ರಾಶಿಯ ಹತ್ತಿರ ಹೋದ. ಬಸವಕುಮಾರ್ ಬೈಕು ನಿಲ್ಲಿಸಿಕೊಂಡು ತೋಟದ ಬೇಲಿಯ ಹತ್ತಿರ ನಿಂತಿದ್ದ. ಗಾಳಿ ಕೆರೆಯ ಕಡೆಯಿಂದ ಬೀಸುತ್ತಿತ್ತು. ರಾಶಿ ಚೆನ್ನಾಗಿ ಹತ್ತಲಿ ಎಂದು ಹುಚ್ಚರಂಗಯ್ಯ ನೀರಿನ ಬದಿಗೇ ಗರಿ ತುರುಕಿದ. ಅಲ್ಲಿ ಕೆಳಗಿನ ಮಟ್ಟೆಗಳ ನಡುವೆ ಕೈ ಹೋಗುವಷ್ಟು ಸಂದಿಯಿತ್ತು, ಸಂದಿಯ ಮುಂದೆ ನೆಲ ಒದ್ದೆಯಾಗಿತ್ತು. ಅವನು ಬಗ್ಗಿ ನೋಡಲಿಲ್ಲ. ಯಾಕೆ ನೋಡಬೇಕು? ಒಳಗೆ ಏನೂ ಇಲ್ಲ ಎಂದು ಅವನಿಗೆ ಗೊತ್ತಲ್ಲ! ತಾನೇ ಕಟ್ಟಿ ಹೇಳಿದ ಸುಳ್ಳನ್ನು ಯಾರಾದರೂ ಬಗ್ಗಿ ಪರೀಕ್ಷೆ ಮಾಡುತ್ತಾರೆಯೇ?

ಕಡ್ಡಿ ಗೀರುವ ಮುಂಚೆ ಹತ್ತು ಮಾರು ದೂರದ ನೀರಿನಲ್ಲಿ ದೊಡ್ಡದೊಂದು ನೀರುನಾಯಿ ಎದೆಮಟ್ಟ ಎದ್ದು ನಿಂತಿತು. ಅವನನ್ನೇ ನೋಡಿತು. ಹುಫ್, ಹುಫ್ ಎಂದು ಮೂಗಿನಲ್ಲಿ ಗಾಳಿ ಬಿಟ್ಟಿತು, ಮುಳುಗಿ ಇನ್ನೂ ಹತ್ತಿರದಲ್ಲಿ ಎದ್ದು ಕಿರುಚಿತು. ಹುಚ್ಚರಂಗಯ್ಯ ಬೇಲಿಯ ಕಡೆ ಒಮ್ಮೆ ನೋಡಿ, ಬಸವಕುಮಾರನಿಗೆ ಕೇಳದ ಹಾಗೆ ಮೆಲ್ಲಗೆ ನಕ್ಕ.

"ಹೆದರ್ಬ್ಯಾಡ ಕಣಪ್ಪಾ. ನಿಮ್ ಮನೆ ಉಳ್ಸಕ್ಕೇ ಇದ್ನ ಮಾಡ್ತಾ ಇವ್ನಿ. ಹೋಗು, ಹೆಂಡ್ರು ಮಕ್ಳತ್ರ ಹೋಗು."

ಬೆಂಕಿ ಹಾಕಿದ.

ಮಟ್ಟೆಗೆ ಬಿದ್ದ ಬೆಂಕಿ ಧಗಧಗ ಉರಿಯುವುದಿಲ್ಲ. ಒಳಗೊಳಗೇ ಕೆಂಡವಾಗುತ್ತ ಹೊಗೆ ಕಕ್ಕುತ್ತದೆ. ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಆ ಹೊಗೆ ಗೊತ್ತು. ದಟ್ಟ ಬಿಳಿ ಹೊಗೆ ಗಾಳಿಗೆ ಸಿಕ್ಕಿ ರಾಶಿಯ ಒಳಕ್ಕೇ ನುಗ್ಗಿತು. ಹುಚ್ಚರಂಗಯ್ಯ ಹಿಂದೆ ಸರಿದು ಬೀಡಿ ಹಚ್ಚಲು ಹೋದವನು ಹಾಗೇ ನಿಂತ. ಆ ಸಂಸಾರದ ದೊಡ್ಡ ನೀರುನಾಯಿಗಳು ಎಂಟೂ ಕೆರೆಯಿಂದ ಎದ್ದು ದಡಕ್ಕೆ ಓಡಿ ಬರುತ್ತಿದ್ದವು. ಮನುಷ್ಯರಿದ್ದಾರೆ ಎನ್ನುವ ಪರಿವೆಯೇ ಇಲ್ಲದೆ ರಾಶಿಯ ಸುತ್ತ ಓಡಾಡಿ ಕಿರುಚಿದವು. ತಾಯಿ ಒಂದೇ ನೆಗೆತಕ್ಕೆ ಹೊಗೆಯೊಳಗೆ ಹೋಯಿತು. ಹೊರಬಂದಾಗ ಅದರ ಬಾಯಲ್ಲಿ ಒಂದು ಮರಿ ಜೋತಾಡುತ್ತಿತ್ತು.

ಆಗ ಅವನಿಗೆ ತಿಳಿಯಿತು.

"ಅಯ್ಯಯ್ಯೋ, ಒಳಗವೆ! ಮರಿ ಒಳಗವೆ ಕಣ್ರಪ್ಪೋ!" ಎಂದು ಕೂಗಿಕೊಂಡು ರಾಶಿಯ ಮೇಲೆ ಬಿದ್ದ. ಬರಿಗೈಯಲ್ಲಿ ಮಟ್ಟೆ ಕಿತ್ತು ಕಿತ್ತು ಎಸೆದ. ಕೆಂಡವಾದ ಮಟ್ಟೆ ಅಂಗೈಗೆ ಅಂಟಿಕೊಂಡರೂ ಬಿಡಲಿಲ್ಲ. ಬಸವಕುಮಾರ್ ಓಡಿಬಂದು ಸೊಂಟ ಹಿಡಿದು ಎಳೆದ, "ಏನಣ್ಣ ನಿಂಗೆ ತಲೆ ಕೆಟ್ಟೈತಾ, ಬುಡಣ್ಣ!" ಎಂದ. ಅವನನ್ನು ಹುಚ್ಚರಂಗಯ್ಯ ಒದ್ದು ಕೆಡವಿದ. ಅಂಥ ಶಕ್ತಿ ಎಲ್ಲಿಂದ ಬಂತೋ. ನಾಲ್ಕು ವರ್ಷ ಅವನೇ ಹೊತ್ತು ತಂದು, ಕುಸಿಯದ ಹಾಗೆ ಒಂದರ ಮೇಲೊಂದು ಒತ್ತಿ ಜೋಡಿಸಿದ ಮಟ್ಟೆ. ಒಂದನ್ನು ಕಿತ್ತರೆ ಹತ್ತು ಅದರ ಜಾಗಕ್ಕೆ ಜಾರುತ್ತಿದ್ದವು.

ರಾಶಿಯ ಹೊಟ್ಟೆಯಲ್ಲಿ, ಒಣ ಜೊಂಡು ಹಾಸಿದ ಬೆಚ್ಚಗಿನ ಗೂಡಿನಲ್ಲಿ, ಉಳಿದ ಮೂರು ಸಿಕ್ಕವು. ಮೈ ಒಂದಿಷ್ಟೂ ಸುಟ್ಟಿರಲಿಲ್ಲ. ಒಂದರ ಕತ್ತಿನ ಮೇಲೆ ಒಂದು ತಲೆಯಿಟ್ಟುಕೊಂಡಿದ್ದವು. ಹುಚ್ಚರಂಗಯ್ಯ ಅವನ್ನು ನೀರಿನಂಚಿಗೆ ತಂದು ನೀರು ಚಿಮುಕಿಸಿದ, ಬಾಯಿಗೆ ಬಾಯಿಟ್ಟು ಊದಿದ, ಹೆಸರಿಲ್ಲದವುಗಳನ್ನು ಕೂಸೇ ಕೂಸೇ ಎಂದು ಕರೆದ. ಯಾವುದೂ ಕಣ್ಣು ಬಿಡಲಿಲ್ಲ. ಕೆರೆಯ ನಡುವೆ ದೊಡ್ಡವು ಕತ್ತೆತ್ತಿ ನಿಂತಿದ್ದವು. ತಾಯಿ ಕಚ್ಚಿಕೊಂಡು ಹೋದ ಒಂದು ಉಳಿಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮೂರನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಅವನು ಕೆರೆ ಸುತ್ತಿ ಹೊಂಗೆಮರದ ಹತ್ತಿರ ಬಂದ. ಅಲ್ಲಿಯೇ ಮಣ್ಣು ಮಾಡಬೇಕೆಂದುಕೊಂಡಿದ್ದ. ಮೂರು ದಿನದಿಂದ ಖಾಲಿಯಾಗಿದ್ದ ಬೇರಿನ ಸಂದಿಯಲ್ಲಿ ಜೇಡ ಬಲೆ ಕಟ್ಟಿತ್ತು. ಗುಂಡಿ ತೋಡಲು ಕೂತವನ ಕಣ್ಣಿಗೆ ನೆಲದ ಮೇಲಿನ ಬೀಡಿ ತುಂಡುಗಳು ಬಿದ್ದವು. ಮೊದಲನೆಯವು ಹತ್ತು ಹೆಜ್ಜೆ ದೂರದಲ್ಲಿ, ಬಿಸಿಲು ಇಬ್ಬನಿಗೆ ಬಣ್ಣ ಕಳೆದುಕೊಂಡವು. ಆಮೇಲಿನವು ಐದು ಹೆಜ್ಜೆಗೆ. ತೀರಾ ಹೊಸವು ಬೇರಿನ ಬಾಯಲ್ಲೇ ಬಿದ್ದಿದ್ದವು, ಒಂದಂತೂ ಒಳಗೇ ಇತ್ತು. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ತಾನೇ ತೆವಳಿಕೊಂಡು ಆ ತಾಯಿಯ ಬಾಗಿಲಿಗೆ ಬಂದದ್ದು, ಅವಳು ದಿಕ್ಕು ಕಾಣದೆ ನಾಲ್ಕು ಮಕ್ಕಳನ್ನು ಕಚ್ಚಿಕೊಂಡು, ಇವನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಕೆರೆಯ ಆಚೆ ತುದಿಗೆ ಓಡಿದ್ದು, ಎಲ್ಲವೂ ಆ ತುಂಡುಗಳಲ್ಲಿತ್ತು. ನೀರುನಾಯಿಗಳು ಅವನ ಗುರುತು ಹಿಡಿದಿದ್ದವು, ನಿಜ.

ಗಂಗಕ್ಕ ಹುಡುಕಿಕೊಂಡು ಬಂದಾಗ ಅವನು ಗುಂಡಿಯ ಪಕ್ಕ ಬೊಬ್ಬೆ ಎದ್ದ ಕೈಗಳನ್ನು ಮೇಲಕ್ಕೆ ಮಾಡಿಟ್ಟುಕೊಂಡು ಕೂತಿದ್ದ. ಇದ್ದದ್ದನ್ನೆಲ್ಲ ಹೇಳಿದ, ಸುಳ್ಳು ಹೇಳಿದ್ದನ್ನೂ.

"ನೀ ಸುಮ್ನೆ ದೂರದಲ್ಲಿ ಇದ್ದಿದ್ರೆ ಆಗೋದು ಕಣಯ್ಯ," ಎಂದಳು. ಹೇಳಿ, ಸೆರಗು ಬಾಯಿಗಿಟ್ಟುಕೊಂಡು ಅವನಿಗಿಂತ ಹೆಚ್ಚಾಗಿ ಅತ್ತಳು. ಆಮೇಲೆ ಮೂರು ಮರಿಗಳನ್ನೂ ಅವಳೇ ಮಣ್ಣಿಗಿಟ್ಟಳು, ಅವನ ಕೈ ಬಗ್ಗುತ್ತಿರಲಿಲ್ಲ.

ಮಟ್ಟೆ ರಾಶಿ ಎಂಟು ದಿನ ಹೊಗೆಯಾಡಿತು. ನೀರು ಹೊಯ್ದರೂ ಒಳಗಿನ ಕೆಂಡ ಆರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಬಟ್ಟೆ ಸುತ್ತಿದ ಕೈಯಲ್ಲಿ ದಿನಾ ಕೊಡಪಾನ ಹಿಡಿದು ಹೋಗಿ ಹೊಯ್ಯುತ್ತಿದ್ದ. ಬೂದಿ ಕೆಡ್ತದೆ ಬಿಡೋ ರಂಗಯ್ಯ ಎಂದು ಮಲ್ಲಿಕಾರ್ಜುನಯ್ಯನವರು ಹೇಳಿ ನೋಡಿದರು. ನೀರುನಾಯಿಗಳು ಎರಡನೆಯ ದಿನವೇ ಕೋಡಿಹಳ್ಳದ ಗುಂಟ ಇಳಿದು ಹೋಗಿದ್ದವು.

ಆ ವಾರ ಬಸವಕುಮಾರ್ ಮನೆಗೆ ಬಂದ. ಒದೆ ತಿಂದದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಕೈಯಲ್ಲಿ ದೊಡ್ಡದೊಂದು ಕಾಟ್ಲಾ.

"ಮರಿ ಕಂಡು ಮನ್ಸು ಕರಗ್ತು ನಿಂಗೆ, ನಂಗೂ ಬೇಜಾರಾಯ್ತು ಕಣಣ್ಣ. ಆದ್ರೂ ನೀ ಹೇಳಿದ್ದು ಹೇಳ್ದಂಗೇ ಇತ್ತು ನೋಡು! ಮಟ್ಟೆ ರಾಶಿ ಅಂದೆ, ಮಟ್ಟೆ ರಾಶೀಲೇ ಇದ್ವು. ಈ ಸೀಮೇಲಿ ನಿನ್ನಂಗೆ ನೀರ್ನಾಯಿ ತಿಳಿದೋನು ಇನ್ನೊಬ್ನಿಲ್ಲ."

ಮೀನನ್ನು ಗಂಗಕ್ಕ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಅವನು ಅದನ್ನು ಒಯ್ದು ಹಾಸುಬಂಡೆಯ ಮೇಲಿಟ್ಟ. ಎರಡು ದಿನಕ್ಕೆ ಇರುವೆ ಮುತ್ತಿತು.

ಬಸವಕುಮಾರನ ಬಾಯಿಂದ ಸುದ್ದಿ ಹರಡಿದೆ. ಬೇರೆ ಕೆರೆಗಳ ಗುತ್ತಿಗೆದಾರರು ಈಗ ಹುಚ್ಚರಂಗಯ್ಯನನ್ನು ಕೇಳಿಕೊಂಡು ಬರುತ್ತಾರೆ. ಮೊನ್ನೆ ಕಂದಿಕೆರೆ ಕಡೆಯಿಂದ ಒಬ್ಬ ಕಾರು ಮಾಡಿಕೊಂಡು ಬಂದಿದ್ದ, ನಮ್ಮ ಕೆರೆಗೂ ನೀರುನಾಯಿ ಬಿದ್ದಿವೆ, ಗೂಡು ಎಲ್ಲಿದೆ ಅಂತ ಒಂದು ಸಲ ಬಂದು ನೋಡಿ ಹೇಳಿ ಯಜಮಾನ್ರೇ ಎಂದು ಕೈ ಮುಗಿದ.

ಹುಚ್ಚರಂಗಯ್ಯ ಜಗಲಿಯ ಮೇಲೆ ಕೂತಿದ್ದ. ಗಾಯ ಮಾಯ್ದು ಚರ್ಮ ಬಿಗಿದ ಕೈಗಳಲ್ಲಿ ಬೆರಳು ಪೂರ್ತಿ ಮಡಚುವುದಿಲ್ಲ. ಬೀಡಿ ಬಿಟ್ಟಿದ್ದಾನೆ. ಏರಿಯ ಕಡೆ ಹೋಗುವುದನ್ನೂ ಬಿಟ್ಟಿದ್ದಾನೆ.

"ನಂಗೆ ಅವುಗಳ ವಿಷ್ಯ ಏನೂ ಗೊತ್ತಿಲ್ಲ ಕಣಪ್ಪ," ಎಂದ.

ಬಂದವನು ನಕ್ಕ. ಗೊತ್ತಿದ್ದೂ ಹೇಳುತ್ತಿಲ್ಲ ಎಂದುಕೊಂಡು, ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೋದ.